ಬಣ್ಣ ಒಣಗಿದ ಮೇಲಿನ ಕೆಲಸ

ಮೈಸೂರಿನಲ್ಲಿ ಚಿತ್ರ ಬರೆಯುವುದನ್ನು ಕಲಿಸುವವರಿಗೆ ಕೊರತೆಯಿಲ್ಲ. ಕಾವಾ ಅನ್ನುವ ಸರ್ಕಾರಿ ಚಿತ್ರಕಲಾ ಕಾಲೇಜಿದೆ. ಚಿನ್ನದ ರೇಕು ಹಾಕಿ ಬರೆಯುವ ಮೈಸೂರು ಶೈಲಿ ಹೇಳಿಕೊಡುವ ಹಿರಿಯರಿದ್ದಾರೆ. ಆದರೆ ಬರೆದ ಚಿತ್ರಕ್ಕೆ ಬೆಲೆ ಹೇಗೆ ಹೇಳಬೇಕು, ಬಿಲ್ ಹೇಗೆ ಬರೆಯಬೇಕು ಅಂತ ಹೇಳಿಕೊಡುವವರು ಕಡಿಮೆ. ಸರಸ್ವತಿಪುರಂನ ನಮ್ಮ ಮನೆ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ನಾನು ಮಾಡುವುದು ಅದನ್ನೇ. ಬರುವವರಲ್ಲಿ ಆಗಷ್ಟೇ ಡಿಗ್ರಿ ಮುಗಿಸಿದವರು ಜಾಸ್ತಿ. ಮಂಡ್ಯದಿಂದ ರೈಲಿನಲ್ಲಿ ಬರುವ ಹುಡುಗರೂ ಇದ್ದಾರೆ, ಶಾಲೆಗಳ ಗೋಡೆಗೆ ಚಿತ್ರ ಬರೆದು ಸಂಪಾದಿಸುವವರು. ದುಡ್ಡಿನ ಮಾತಿನಲ್ಲಿ ಅವರೇ ಚುರುಕು. ಕಂಟ್ರಾಕ್ಟರ್ ಹತ್ತಿರ ಬಾಕಿ ಕೇಳಿ ಕೇಳಿ ಅಭ್ಯಾಸ ಆಗಿರುತ್ತದೆ.

ಮೊದಲು ತರಿಸುವುದು ಒಂದು ದಪ್ಪ ನೋಟ್‌ಬುಕ್. ಪ್ರತಿ ಚಿತ್ರಕ್ಕೂ ಒಂದು ನಂಬರು. ಹೆಸರು, ಅಳತೆ (ಎತ್ತರ ಮೊದಲು, ಆಮೇಲೆ ಅಗಲ), ಯಾವ ಬಣ್ಣ, ಯಾವ ವರ್ಷ, ಬೆಲೆ, ಈಗ ಯಾರ ಹತ್ತಿರ ಇದೆ. ಕಟ್ಟು (ಫ್ರೇಮ್) ಹಾಕಿಸುವ ಮೊದಲೇ ಫೋಟೋ ತೆಗೆದುಕೊಳ್ಳಿ ಅಂತ ಪದೇ ಪದೇ ಹೇಳುತ್ತೇನೆ. ಗಾಜು ಹಾಕಿಸಿದ ಮೇಲೆ ತೆಗೆದರೆ ಚಿತ್ರಕ್ಕಿಂತ ಟ್ಯೂಬ್‌ಲೈಟೇ ಚೆನ್ನಾಗಿ ಕಾಣುತ್ತದೆ. ಮೈಸೂರು ಶೈಲಿಯವರಿಗಂತೂ ಚಿನ್ನದ ರೇಕು ಹೊಳೆದು ಮುಖಗಳೇ ಕಪ್ಪಾಗುತ್ತವೆ. ಬೆಳಗಿನ ನೆರಳಲ್ಲಿ, ಜಗಲಿಯಲ್ಲಿಟ್ಟು ತೆಗೆದರೆ ಸಾಕು.

ಬೆಲೆಗೆ ಚದರ ಇಂಚಿನ ಲೆಕ್ಕದಿಂದ ಶುರು ಮಾಡುತ್ತೇವೆ. 12 ಇಂಚು, 18 ಇಂಚಿನ ಚಿತ್ರ ಅಂದರೆ 216 ಚದರ ಇಂಚು. ಇಂಚಿಗೆ 25 ರೂಪಾಯಿ ಅಂದರೆ 5,400. ಕಟ್ಟಿನ ಖರ್ಚು ಬೇರೆ. ಸಣ್ಣ ಚಿತ್ರಕ್ಕೆ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಅಂಗೈಯಗಲದ ಗಂಜೀಫಾ ಎಲೆಗೆ (ಕೈಯಲ್ಲೇ ಚಿತ್ರ ಬರೆಯುವ ಹಳೇ ಕಾಲದ ಇಸ್ಪೀಟ್ ಎಲೆ) ಎಷ್ಟು ಹೊತ್ತು ಕೂರಬೇಕು ಅಂತ ಬರೆದವರಿಗೇ ಗೊತ್ತು. ಅಂಥವಕ್ಕೆ ದಿನಗೂಲಿ ಲೆಕ್ಕವೇ ಸರಿ, ಚಿನ್ನದ ಖರ್ಚು ಮೇಲೆ.

ಗ್ಯಾಲರಿಯ ಕಮಿಷನ್ ಬಂದಾಗ ಬಹಳ ಜನ ಎಡವುತ್ತಾರೆ. ಕೈಗೆ 6,000 ಬೇಕು, ಗ್ಯಾಲರಿಗೆ ಶೇ. 40 ಹೋಗುತ್ತದೆ, ಬೆಲೆ ಎಷ್ಟಿಡಬೇಕು? ಹೆಚ್ಚಿನವರು 6,000ಕ್ಕೆ ಶೇ. 40 ಕೂಡಿಸಿ 8,400 ಅನ್ನುತ್ತಾರೆ. ಅದರಲ್ಲಿ ಗ್ಯಾಲರಿಯ ಪಾಲು ಕಳೆದರೆ ಉಳಿಯುವುದು 5,040. ಬೆಲೆ 10,000 ಇಟ್ಟರೆ ಮಾತ್ರ 6,000 ಕೈಗೆ ಬರುತ್ತದೆ. ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಗ್ಯಾಲರಿಯಲ್ಲಿ 10,000 ಇಟ್ಟ ಚಿತ್ರವನ್ನು ಮನೆಗೆ ಬಂದವರಿಗೆ 6,000ಕ್ಕೆ ಕೊಡಬಾರದು. ಇದು ಎಲ್ಲರಿಗೂ ಒಪ್ಪಿಗೆಯಾಗುವುದಿಲ್ಲ. ‘ಅಕ್ಕ, ಬಾಡಿಗೆ ಕಟ್ಟಬೇಕಲ್ಲ’ ಅನ್ನುತ್ತಾರೆ. ನಿಜವೇ. ಆದರೆ ಹೀಗೆ ಒಮ್ಮೆ ಕೊಟ್ಟರೆ ಆಮೇಲೆ ಗ್ಯಾಲರಿಯ ಬೆಲೆಯನ್ನು ಯಾರೂ ನಂಬುವುದಿಲ್ಲ.

ಜಾಸ್ತಿ ಹೊತ್ತು ಹಿಡಿಯುವುದು ಆರ್ಡರ್ ತೆಗೆದುಕೊಳ್ಳುವ ಪಾಠ. ನಾನೇ ಗಿರಾಕಿ ಆಗುತ್ತೇನೆ. ‘ಏನಮ್ಮಾ, ನಮ್ಮ ಹುಡುಗೀನೇ ಅಲ್ವಾ, ಗೃಹಪ್ರವೇಶಕ್ಕೆ ಒಂದು ಲಕ್ಷ್ಮಿ ಬರೆದುಕೊಡು, ದುಡ್ಡು ಆಮೇಲೆ ನೋಡೋಣ’ ಅನ್ನುತ್ತೇನೆ. ಎದುರಿಗೆ ಕೂತವರು ನಗುತ್ತಾ ಅಡ್ವಾನ್ಸ್ ಕೇಳಬೇಕು. ಸುಮ್ನೆ ಆಟ ಅನ್ನಿಸುತ್ತದೆ, ಆದರೆ ಬಾಯಿ ಬರುವುದೇ ಇಲ್ಲ. ನಾಲ್ಕಾರು ಸಲ ಕೇಳಿಸಿದ ಮೇಲೆ ‘ಅರ್ಧ ಈಗ ಕೊಡಿ ಆಂಟಿ, ಸ್ಕೆಚ್ ತೋರಿಸಿ ಶುರು ಮಾಡ್ತೀನಿ’ ಅನ್ನುವ ಮಾತು ಸಲೀಸಾಗಿ ಬರುತ್ತದೆ.

ಒಪ್ಪಿದ್ದನ್ನೆಲ್ಲಾ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಅಳತೆ, ದುಡ್ಡು, ತಾರೀಖು, ಎಷ್ಟು ಸಲ ತಿದ್ದಿಕೊಡುತ್ತೀರಿ. ಕೊನೆಗೆ ಒಂದು ಸಾಲು ಇರಲೇಬೇಕು: ‘ಈ ಚಿತ್ರದ ಕಾಪಿರೈಟ್ ಕಲಾವಿದರದ್ದೇ.’ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ಕಾಪಿರೈಟ್ ಬರೆಸಿದವರಿಗೇ ಹೋಗುತ್ತದೆ, ಬೇರೆ ಒಪ್ಪಂದ ಇಲ್ಲದಿದ್ದರೆ. ಆ ಲಕ್ಷ್ಮಿಯನ್ನು ಅವರು ಕ್ಯಾಲೆಂಡರ್ ಮಾಡಿಸಿ ಹಂಚಿದರೂ ನೀವು ಕೇಳುವ ಹಾಗಿಲ್ಲ. ಇದನ್ನು ಹೇಳಿದಾಗ ಪ್ರತಿ ಸಲವೂ ಕೋಣೆ ಗಲಿಬಿಲಿಯಾಗುತ್ತದೆ. ನೀವಾಗಿಯೇ ಬರೆದು ಆಮೇಲೆ ಮಾರಿದ ಚಿತ್ರದ ಕಥೆ ಬೇರೆ. ಚಿತ್ರ ಅವರದ್ದಾದರೂ ಕಾಪಿರೈಟ್ ನಿಮ್ಮದೇ. ಅದನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಬರಹದಲ್ಲೇ ಕೊಡಬೇಕು.

ಕಾಪಿರೈಟ್ ಅಲ್ಲದೆ ಇನ್ನೊಂದು ಹಕ್ಕಿದೆ, ಕೃತಿಯನ್ನು ಕೆಡಿಸಿದರೆ ಕೇಳುವ ಹಕ್ಕು. ಅದು ಮಾರಿದ ಮೇಲೂ ಉಳಿಯುತ್ತದೆ ಅನ್ನುವುದಕ್ಕೆ ಶಿಲ್ಪಿ ಅಮರ್ ನಾಥ್ ಸೆಹಗಲ್ ಅವರ ಪ್ರಕರಣ ಹೇಳುತ್ತೇನೆ. ದೆಹಲಿಯ ವಿಜ್ಞಾನ ಭವನಕ್ಕೆ ಅವರು ಮಾಡಿಕೊಟ್ಟಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಅವರಿಗೆ ವಾಪಸ್ ಕೊಡಿಸಿತು, ಪರಿಹಾರವನ್ನೂ ಕೊಡಿಸಿತು. ಮಂಡ್ಯದ ಹುಡುಗರಿಗೆ ಈ ಕಥೆ ಬಹಳ ಇಷ್ಟ.

ತೆರಿಗೆ ವಿಷಯ ಬೇಗ ಮುಗಿಸುತ್ತೇನೆ. ವರ್ಷಕ್ಕೆ ಲಕ್ಷಗಟ್ಟಲೆ ಮಾರುವವರು ನಮ್ಮಲ್ಲಿಲ್ಲ, ಆದ್ದರಿಂದ ಜಿಎಸ್‌ಟಿ ಭಯ ಸದ್ಯಕ್ಕೆ ಬೇಡ. 2025ರ ಸೆಪ್ಟೆಂಬರ್‌ನಲ್ಲಿ ಚಿತ್ರಗಳ ಮೇಲಿನ ದರವೂ ಶೇ. 12ರಿಂದ 5ಕ್ಕೆ ಇಳಿದಿದೆ. ಪ್ಯಾನ್ ಕಾರ್ಡ್, ಸ್ವಂತ ಹೆಸರಿನ ಬ್ಯಾಂಕ್ ಖಾತೆ, ನಂಬರಿರುವ ಬಿಲ್ ಪುಸ್ತಕ ಇರಲಿ. ಅಪ್ಪನ ಖಾತೆಗೆ ದುಡ್ಡು ಹಾಕಿಸಿಕೊಳ್ಳುವುದನ್ನು ಮೊದಲು ನಿಲ್ಲಿಸಬೇಕು.

ಡಿಸೆಂಬರ್ ಬಂತೆಂದರೆ ಎಲ್ಲರ ತಲೆಯಲ್ಲೂ ಬೆಂಗಳೂರಿನ ಚಿತ್ರಸಂತೆ. ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ವರ್ಷಕ್ಕೊಮ್ಮೆ ನಡೆಸುವ ಸಂತೆ ಅದು. ಹೋಗಿ, ಆದರೆ ಅಲ್ಲಿ ನಡೆಯುವ ಚೌಕಾಸಿ ನೋಡಿ ನಿಮ್ಮ ಬೆಲೆ ಇಳಿಸಬೇಡಿ ಅನ್ನುತ್ತೇನೆ. ಕಡಿಮೆ ದುಡ್ಡಿನವರಿಗೆ ಸಣ್ಣ ಪ್ರಿಂಟ್ ಇಟ್ಟುಕೊಂಡಿರಿ. ಚಿತ್ರದ ಮುಂದೆ ಹೆಚ್ಚು ಹೊತ್ತು ನಿಂತವರ ಹೆಸರು, ಫೋನ್ ನಂಬರ್ ಬರೆಸಿಕೊಳ್ಳಿ. ನಮ್ಮಿಂದ ಹೋಗಿದ್ದ ಒಬ್ಬಳಿಗೆ ಇಡೀ ದಿನ ಪ್ರಿಂಟ್ ಬಿಟ್ಟರೆ ಏನೂ ಹೋಗಲಿಲ್ಲ. ಯುಗಾದಿಗೆ ಮುಂಚೆ, ಹಾಗೆ ಹೆಸರು ಬರೆಸಿದ್ದವರೊಬ್ಬರು ಫೋನ್ ಮಾಡಿ ಮೈಸೂರಿಗೇ ಬಂದು ಎರಡು ಚಿತ್ರ ತೆಗೆದುಕೊಂಡು ಹೋದರು. ಸಂತೆಯಲ್ಲಿ ಹೇಳಿದ್ದ ಬೆಲೆಗೇ.