ಕಲಬುರಗಿಯಲ್ಲಿ ಫ್ರೆಂಚ್ ಶಿಕ್ಷಕಿಯಾದ ನನ್ನ ಅನುಭವ

ಶಾಲೆಯಲ್ಲಿ ಫ್ರೆಂಚ್ ಕಲಿಸಬೇಕೆಂದು ನಾನು ನಿರ್ಧರಿಸಿದಾಗ ಕಲಬುರಗಿಯಲ್ಲಿ ಅದಕ್ಕೆ ನೇರವಾದ ದಾರಿ ಇರಲಿಲ್ಲ. 2016ರಲ್ಲಿ ನಾನು ಸೇರಿದ ಬಿ.ಇಡಿ. ಕಾಲೇಜಿನಲ್ಲಿ ಬೋಧನಾ ಪದ್ಧತಿಯ ವಿಷಯಗಳಲ್ಲಿ ಭಾಷೆಗಳಾಗಿ ಕನ್ನಡ, ಇಂಗ್ಲಿಷ್, ಹಿಂದಿ, ಉರ್ದು ಇದ್ದವು. ವಿದೇಶಿ ಭಾಷೆಗೆ ಜಾಗವಿರಲಿಲ್ಲ. ಆದ್ದರಿಂದ ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನವನ್ನು ಪದ್ಧತಿಯ ವಿಷಯಗಳಾಗಿ ತೆಗೆದುಕೊಂಡು, ಫ್ರೆಂಚ್ ಕಲಿಕೆಯನ್ನು ಬೇರೆಯಾಗಿಯೇ ಮುಂದುವರಿಸಿದೆ. ನನಗೆ ಕೆಲಸ ಕೊಡಲು ಒಪ್ಪಿದ ಶಾಲೆ ಬಿ.ಇಡಿ. ಪದವಿಯನ್ನೂ ಡೆಲ್ಫ್ ಪರೀಕ್ಷೆಯ ಬಿ2 ಹಂತವನ್ನೂ ಕೇಳಿತ್ತು.

ಡೆಲ್ಫ್ ಎಂಬುದು ಫ್ರಾನ್ಸಿನ ಶಿಕ್ಷಣ ಸಚಿವಾಲಯದ ಪ್ರಮಾಣಪತ್ರ. ಎ1, ಎ2, ಬಿ1, ಬಿ2 ಎಂಬ ನಾಲ್ಕು ಹಂತಗಳಿಗೂ ಬೇರೆ ಬೇರೆ ಪರೀಕ್ಷೆಗಳಿವೆ. ಪ್ರತಿ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿಗೆ ತಲಾ 25 ಅಂಕ. 100ಕ್ಕೆ 50 ಬಂದರೆ ಉತ್ತೀರ್ಣ. ಆದರೆ ಯಾವುದೇ ಒಂದು ಭಾಗದಲ್ಲಿ 5ಕ್ಕಿಂತ ಕಡಿಮೆ ಬಂದರೆ ಒಟ್ಟು ಅಂಕ ಎಷ್ಟಿದ್ದರೂ ಪ್ರಯೋಜನವಿಲ್ಲ. ಮೊದಲ ಸಲ ಬಿ2 ಬರೆದಾಗ ನನಗೆ ಒಟ್ಟು 50 ದಾಟಿದ್ದರೂ ಕೇಳುವ ಭಾಗದಲ್ಲಿ 4 ಮಾತ್ರ ಬಂದಿತ್ತು. ಪುಸ್ತಕದಿಂದ ಕಲಿತವರಿಗೆ ಆಗುವ ಕಷ್ಟವೇ ಇದು: ಕಣ್ಣಿಗೆ ಗೊತ್ತಿರುವ ಪದ ಕಿವಿಗೆ ಗೊತ್ತಿರುವುದಿಲ್ಲ. ಅಂದಿನಿಂದ ಏಳು ತಿಂಗಳು ರೇಡಿಯೊ ಫ್ರಾನ್ಸ್ ಇಂಟರ್‌ನ್ಯಾಷನಲ್ ಕಲಿಯುವವರಿಗಾಗಿ ದಿನವೂ ಪ್ರಸಾರ ಮಾಡುವ ಹತ್ತು ನಿಮಿಷದ ಸರಳ ಫ್ರೆಂಚ್ ಸುದ್ದಿಯನ್ನು ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಒಮ್ಮೆ, ರಾತ್ರಿ ಬರೆದುಕೊಳ್ಳುತ್ತ ಮತ್ತೊಮ್ಮೆ ಕೇಳಿದೆ. ಮಾತನಾಡುವ ಅಭ್ಯಾಸಕ್ಕೆ ತಿಂಗಳಿಗೆರಡು ಸಲ ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ರೈಲಿನಲ್ಲಿ ಹೈದರಾಬಾದಿಗೆ ಹೋಗಿ ಬರುತ್ತಿದ್ದೆ. ಎರಡನೆಯ ಸಲ ಉತ್ತೀರ್ಣಳಾದೆ.

ಬಿ.ಇಡಿ. ತರಬೇತಿಯಿಂದ ಪಾಠ ಯೋಜನೆ ಬರೆಯುವುದನ್ನು, ಕಪ್ಪುಹಲಗೆಯನ್ನು ಭಾಗ ಮಾಡಿಕೊಂಡು ಬಳಸುವುದನ್ನು, ಗದ್ದಲದ ತರಗತಿಯಲ್ಲಿ ದನಿ ಎತ್ತದೆ ನಿಲ್ಲುವುದನ್ನು ಕಲಿತೆ. ಶಾಲಾ ಇಂಟರ್ನ್‌ಶಿಪ್‌ನ ವಾರಗಳು ಇದಕ್ಕೆ ನಿಜವಾಗಿಯೂ ನೆರವಾದವು. ಆದರೆ ಮಕ್ಕಳು ಎಂದೂ ಕೇಳಿರದ ಭಾಷೆಯ ಮೊದಲ ಸದ್ದನ್ನು ಅವರ ಬಾಯಿಯಲ್ಲಿ ಹೇಗೆ ಮೂಡಿಸಬೇಕು ಎಂಬುದನ್ನು ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಆರನೆಯ ತರಗತಿಗೆ ನಾನು ಇಂಗ್ಲಿಷಿನ ಮೂಲಕ ಫ್ರೆಂಚ್ ಕಲಿಸಿದೆ. ಪಠ್ಯಪುಸ್ತಕವೂ ಹಾಗೆಯೇ ಇತ್ತು. ಎರಡು ಭಾಷೆಗಳ ಲಿಪಿ ಒಂದೇ ಆದ್ದರಿಂದ ಸುಲಭವಾಗುತ್ತದೆಂದು ನಂಬಿದ್ದೆ, ಆದರೆ ಆ ಲಿಪಿಯೇ ತೊಡಕಾಯಿತು. ಮಕ್ಕಳು ಪ್ರತಿ ಪದವನ್ನೂ ಇಂಗ್ಲಿಷಿನಂತೆ ಓದಿದರು, ತಿದ್ದಿದಾಗ ಮತ್ತೆ ಬಾಯಿ ತೆರೆಯಲು ಅಂಜಿದರು. ಇಂಗ್ಲಿಷೇ ಇನ್ನೂ ಗಟ್ಟಿಯಾಗಿರದ ಮಗುವಿಗೆ ಅದರ ಮೇಲೆ ಇನ್ನೊಂದು ಭಾಷೆಯನ್ನು ನಿಲ್ಲಿಸಲು ಹೊರಟಿದ್ದೆ. ಮೂರು ತಿಂಗಳಾದರೂ ತರಗತಿಯ ಅರ್ಧದಷ್ಟು ಮಕ್ಕಳು ಒಂದು ವಾಕ್ಯವನ್ನೂ ಧೈರ್ಯವಾಗಿ ಹೇಳಿರಲಿಲ್ಲ. ಆ ತಪ್ಪು ಮಕ್ಕಳದ್ದಲ್ಲ, ನನ್ನದು.

ದಾರಿ ತೋರಿಸಿದ್ದು ಒಬ್ಬ ಹುಡುಗಿಯ ಮಾತು. ಪುಸ್ತಕ ಎಲ್ಲಿ ಎಂದು ಕೇಳಿದ್ದಕ್ಕೆ ಅವಳು ಪಕ್ಕದವಳಿಗೆ ದಖ್ಖನಿಯಲ್ಲಿ, ಅಂದರೆ ನಮ್ಮ ಕಡೆಯ ಉರ್ದುವಿನಲ್ಲಿ, ‘ಘರ್ ಮೇಂ’ (ಮನೆಯಲ್ಲಿ) ಎಂದು ಪಿಸುಗುಟ್ಟಿದಳು. ಆ ‘ಮೇಂ’ ಕೇಳಿ ನಾನು ನಿಂತುಬಿಟ್ಟೆ. ಫ್ರೆಂಚಿನಲ್ಲಿ ಕೈ ಎಂಬ ಅರ್ಥದ ಪದದ ಉಚ್ಚಾರಣೆ ಹೆಚ್ಚುಕಡಿಮೆ ಅದೇ: ಮೂಗಿನಲ್ಲಿ ಹೊರಡುವ ಸ್ವರ, ಕೊನೆಯಲ್ಲಿ ‘ನ್’ ಇಲ್ಲ, ‘ಮ್’ ಇಲ್ಲ, ತುಟಿ ಮುಚ್ಚುವುದಿಲ್ಲ. ವಾರಗಟ್ಟಲೆ ನಾನು ‘ಮೈನ್ ಅಲ್ಲ, ಮೈನ್ ಅಲ್ಲ’ ಎಂದು ತಿದ್ದುತ್ತಿದ್ದ ಪದ ಅದು. ಅವಳಿಗೆ ಮತ್ತೊಮ್ಮೆ ‘ಘರ್ ಮೇಂ’ ಎನ್ನಲು ಹೇಳಿ, ‘ಘರ್’ ಬಿಡಿಸಿ, ನನ್ನ ಅಂಗೈ ಎತ್ತಿ ತೋರಿಸಿ, ಅದರ ಮೊದಲಿಗೆ, ಫ್ರೆಂಚಿನಲ್ಲಿ ನಾಮಪದಕ್ಕೆ ಮುಂಚೆ ಬರುವ ‘ಲ’ ಸೇರಿಸಲು ಹೇಳಿದೆ. ‘ಲ ಮೇಂ’ ಎಂದಳು. ಇಡೀ ತರಗತಿ ಒಂದೇ ಉಸಿರಿಗೆ ಅದನ್ನು ಸರಿಯಾಗಿ ಹೇಳಿತು, ಏಕೆಂದರೆ ನಮ್ಮ ಊರಿನಲ್ಲಿ ಮನೆಮಾತು ಯಾವುದೇ ಇದ್ದರೂ ದಖ್ಖನಿ ಕಿವಿಗೆ ಬೀಳದ ಮಗುವಿಲ್ಲ. 1347ರಲ್ಲಿ ಬಹಮನಿಗಳು ರಾಜಧಾನಿ ಮಾಡಿಕೊಂಡ ಊರು ಇದು. ಆ ಮಾತು ಇಲ್ಲಿನ ಸಂತೆಯಲ್ಲಿ, ಆಟೋದಲ್ಲಿ, ಆಟದ ಬಯಲಿನಲ್ಲಿ ಇಂದಿಗೂ ಕನ್ನಡದ ಜೊತೆಯಲ್ಲೇ ಓಡಾಡುತ್ತದೆ.

ಅದಾದ ಮೇಲೆ ನಾನು ಒಂದು ದಪ್ಪ ನೋಟ್‌ಪುಸ್ತಕ ಇಟ್ಟೆ. ಎಡಪುಟದಲ್ಲಿ ಫ್ರೆಂಚಿನ ಒಂದು ತೊಡಕು, ಬಲಪುಟದಲ್ಲಿ ಮಕ್ಕಳ ಭಾಷೆಗಳಲ್ಲಿ ಅದಕ್ಕೆ ಸಿಗುವ ಆಧಾರ. ಫ್ರೆಂಚಿನ ‘ರ’ ನಾಲಿಗೆಯ ತುದಿಯಲ್ಲಿ ಹುಟ್ಟದೆ ಗಂಟಲಲ್ಲಿ ಹುಟ್ಟುತ್ತದೆ. ದಖ್ಖನಿ ಮಾತನಾಡುವವರು ಲೇಖನಿಗೆ ‘ಖಲಮ್’ ಎನ್ನುವಾಗ ಗಂಟಲು ಉಜ್ಜಿ ಬರುವ ಸದ್ದು, ನಮ್ಮ ಮಹಾಪ್ರಾಣದ ಖಕಾರವಲ್ಲ, ಅದಕ್ಕೆ ತೀರ ಹತ್ತಿರದ್ದು. ‘ತು’ ಮತ್ತು ‘ವು’ ಎಂಬ ಎರಡು ಸರ್ವನಾಮಗಳನ್ನು ಇಂಗ್ಲಿಷಿನಲ್ಲಿ ವಿವರಿಸಲು ಒಂದು ಪಿರಿಯಡ್ ಬೇಕಾಗುತ್ತಿತ್ತು. ನೀನು, ನೀವು ಎಂದರೆ ಮುಗಿಯಿತು, ದೊಡ್ಡವರಿಗೆ ‘ಬರ್ರಿ’ ಎನ್ನುವ ಮಕ್ಕಳಿಗೆ ಅದರ ಹಿಂದಿನ ಮರ್ಯಾದೆಯನ್ನು ಕಲಿಸಬೇಕಾಗಿಲ್ಲ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬುದು ಕನ್ನಡದ ಮಗುವಿಗೆ ವಿಚಿತ್ರವಾಗಿ ಕಾಣುತ್ತದೆ, ಆದರೆ ಹಿಂದಿಯಲ್ಲಿ ‘ಮೇಜ್ ಬಡೀ ಹೈ’ ಎಂದು ಅವರು ಆಗಲೇ ಬರೆದಿರುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು ಕನ್ನಡ ವ್ಯಾಕರಣ. ಕನ್ನಡ ಕಲಿಕೆಯನ್ನು ಕಡ್ಡಾಯಗೊಳಿಸಿದ 2015ರ ಕಾಯ್ದೆಯಿಂದಾಗಿ ಸಿಬಿಎಸ್‌ಇ ಶಾಲೆಯ ಮಕ್ಕಳಿಗೂ ಈಗ ಸಂಧಿಯ ಪಾಠ ಇರುತ್ತದೆ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆಗುವುದು ಲೋಪಸಂಧಿ ಎಂದು ಅವರಿಗೆ ಗೊತ್ತು. ಫ್ರೆಂಚಿನಲ್ಲಿ ನಾಮಪದಕ್ಕೆ ಮುಂಚೆ ಬರುವ ‘ಲೆ’ ಮತ್ತು ಗೆಳೆಯ ಎಂಬ ಅರ್ಥದ ‘ಅಮಿ’ ಸೇರಿ ‘ಲಮಿ’ ಆಗುವಾಗಲೂ ಎದುರಿನ ಸ್ವರಕ್ಕಾಗಿ ಹಿಂದಿನ ಸ್ವರ ಹೋಗುತ್ತದೆ. ಮನೆಯನ್ನು ಎಂಬಲ್ಲಿ ಎರಡು ಸ್ವರಗಳ ನಡುವೆ ಯಕಾರ ಬಂದಂತೆ, ‘ಅವನ ಬಳಿ ಇದೆಯೇ’ ಎಂದು ಕೇಳುವ ‘ಅ’ ಮತ್ತು ‘ಇಲ್’ ಪದಗಳ ನಡುವೆ ತಕಾರ ಬಂದು ‘ಅತಿಲ್’ ಆಗುತ್ತದೆ. ಇದನ್ನು ಆಗಮಸಂಧಿ ಎಂದೇ ಹಲಗೆಯ ಮೇಲೆ ಬರೆದ ದಿನ ಕನ್ನಡದ ಶಿಕ್ಷಕರನ್ನು ತರಗತಿಗೆ ಕರೆದಿದ್ದೆ. ಅವರು ಮುಂದಿನ ವಾರ ತಮ್ಮ ಪಾಠದಲ್ಲಿ ನನ್ನ ಫ್ರೆಂಚ್ ಉದಾಹರಣೆಯನ್ನು ಬಳಸಿದರು. ಎರಡು ಭಾಷೆಗಳ ಚರಿತ್ರೆ ಬೇರೆ, ನಿಯಮಗಳೂ ಪೂರ್ತಿ ಒಂದೇ ಅಲ್ಲ, ಅದನ್ನು ಮಕ್ಕಳಿಗೆ ಹೇಳುತ್ತೇನೆ. ಆದರೂ ಮೊದಲ ಹೆಜ್ಜೆ ಇಡಲು ಈ ಆಧಾರ ಸಾಕು.

ಪುಸ್ತಕದ ಮಾರುಕಟ್ಟೆಯ ಪಾಠದಲ್ಲಿ ಚೀಸು, ಉದ್ದನೆಯ ಬ್ರೆಡ್ಡು, ಸ್ಟ್ರಾಬೆರಿ ಇದ್ದವು. ನಾನು ಅದಕ್ಕೆ ನಮ್ಮ ತೊಗರಿಯನ್ನು ಸೇರಿಸಿದೆ. 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಕಲಬುರಗಿ ತೊಗರಿಗೆ ಫ್ರೆಂಚಿನಲ್ಲಿಯೂ ಒಂದು ಹೆಸರಿದೆ, ‘ಪ್ವಾ ದಾಂಗೋಲ್’, ಅಂದರೆ ಅಂಗೋಲಾದ ಬಟಾಣಿ. ಜೋಳಕ್ಕೆ ‘ಸೋರ್ಗೋ’. ಮಕ್ಕಳು ಮನೆಯಿಂದ ಪೊಟ್ಟಣಗಳಲ್ಲಿ ಕಾಳು ತಂದು, ಬೆಂಚನ್ನೇ ಅಂಗಡಿ ಮಾಡಿ, ಕಿಲೋ ಲೆಕ್ಕದಲ್ಲಿ ಫ್ರೆಂಚಿನಲ್ಲಿ ಚೌಕಾಸಿ ನಡೆಸಿದರು. ಎಪ್ಪತ್ತಕ್ಕೆ ಅರವತ್ತು-ಹತ್ತು, ಎಂಬತ್ತಕ್ಕೆ ನಾಲ್ಕು-ಇಪ್ಪತ್ತು ಎನ್ನುವ ಫ್ರೆಂಚ್ ಎಣಿಕೆ ಅಂದು ಬೆಲೆ ಹೇಳುವ ಅವಸರದಲ್ಲಿಯೇ ಬಾಯಿಗೆ ಹತ್ತಿತು.

ಹೊಸದಾಗಿ ಈ ತರಬೇತಿಗೆ ಬರುವವರು ಒಂದು ಸಂಗತಿಯನ್ನು ತಿಳಿದಿರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರು ಭಾಷೆಗಳಲ್ಲಿ ಎರಡಾದರೂ ಭಾರತೀಯವಾಗಿರಬೇಕೆನ್ನುತ್ತದೆ, ವಿದೇಶಿ ಭಾಷೆಗಳನ್ನು ಪ್ರೌಢ ಹಂತದಲ್ಲಿ ಕಲಿಯಲು ಅವಕಾಶ ಕೊಡುತ್ತದೆ. ಹೀಗಾಗಿ ಫ್ರೆಂಚ್ ಒಂದನ್ನೇ ನಂಬದೆ ಇಂಗ್ಲಿಷ್ ಅಥವಾ ಇನ್ನೊಂದು ವಿಷಯದ ಬೋಧನಾ ಪದ್ಧತಿಯನ್ನು ಕೈಯಲ್ಲಿ ಇಟ್ಟುಕೊಂಡೇ ಬರುವುದು ಒಳ್ಳೆಯದು.

ನೋಟ್‌ಪುಸ್ತಕದಲ್ಲಿ ಬಲಪುಟ ಖಾಲಿ ಉಳಿದಿರುವ ತೊಡಕೂ ಒಂದಿದೆ. ಬಸ್ಸು, ಪೆನ್ನು ಎಂದು ವ್ಯಂಜನದ ಕೊನೆಗೆ ಉಕಾರ ಸೇರಿಸುವುದು ನಮ್ಮ ಮಕ್ಕಳ ಅಭ್ಯಾಸ, ಸೇಡಂ ಕಡೆಯಿಂದ ಬರುವ ತೆಲುಗು ಮನೆಮಾತಿನ ಮಕ್ಕಳಲ್ಲಿ ಅದು ಇನ್ನೂ ಗಟ್ಟಿ. ಫ್ರೆಂಚಿನಲ್ಲಿ ಚಿಕ್ಕವನಿಗೆ ‘ಪೆತಿ’, ಚಿಕ್ಕವಳಿಗೆ ‘ಪೆತಿತ್’. ಲಿಂಗದ ವ್ಯತ್ಯಾಸ ಕೇಳಿಸುವುದೇ ಆ ಕೊನೆಯ ತಕಾರದಲ್ಲಿ. ಮಕ್ಕಳು ‘ಪೆತಿತು’ ಎನ್ನುತ್ತಾರೆ. ಈ ವರ್ಷ ಅವರ ಬಾಯಿಯ ಮುಂದೆ ಕಾಗದದ ತೆಳುವಾದ ಪಟ್ಟಿ ಹಿಡಿಸಿ, ತಕಾರಕ್ಕೆ ಪಟ್ಟಿ ಅಲುಗಿದ ಕೂಡಲೇ ದನಿ ನಿಲ್ಲಿಸಲು ಹೇಳುತ್ತಿದ್ದೇನೆ. ಮೂವತ್ತೆರಡು ಮಕ್ಕಳಲ್ಲಿ ಹನ್ನೊಂದು ಮಂದಿಗೆ ಬಂದಿದೆ.