ಹೊಟ್ಟಿನ ರಾಶಿ ನೋಡಿ ಗಾಳಿ ಹಿಡೀರಿ: ತೂರೋ ಮಷಿನ್ ಸೆಟ್ ಮಾಡೋದು ಹೀಗೆ

ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಆ ಮಾತು ಹುಟ್ಟಿದ್ದೇ ಕಣದಲ್ಲಿ ಮೊರ ಹಿಡ್ಕೊಂಡು ಗಾಳಿಗೆ ಕಾದು ನಿಂತವರಿಂದ. ಮಷಿನ್ ಬಂದ ಮೇಲೆ ಆ ಕಾಯೋ ಕೆಲಸ ಹೋಯ್ತು, ಹ್ಯಾಂಡಲ್ ತಿರುಗಿಸಿದ್ರೆ ಅಥವಾ ಸ್ವಿಚ್ ಒತ್ತಿದ್ರೆ ಬೇಕಾದಷ್ಟು ಗಾಳಿ. ಆದ್ರೆ ಈ ಬೇಕಾದಷ್ಟು ಅಂದ್ರೆ ಎಷ್ಟು ಅನ್ನೋದನ್ನ ಮಷಿನ್ ಹೇಳಲ್ಲ, ನಾವೇ ಕಂಡ್ಕೋಬೇಕು.

ನಾನು ಮೊದಲ ಸಲ ಸ್ವಂತವಾಗಿ ಮಷಿನ್ ನಡೆಸಿದಾಗ ಕಾಳು ಥಳಥಳ ಅಂತ ಬರ್ಲಿ ಅಂತ ಗಾಳಿ ಪೂರ್ತಿ ಬಿಟ್ಟಿದ್ದೆ. ಚೀಲದಲ್ಲಿ ಒಂದು ಕಡ್ಡಿ ಇಲ್ಲ, ಒಂದು ಜಳ್ಳಿಲ್ಲ, ನೋಡಿದವ್ರೆಲ್ಲ ಚೆನ್ನಾಗಿದೆ ಅಂದ್ರು. ವಾರ ಬಿಟ್ಟು ಒಂದು ಮಳೆ ಬಿತ್ತು, ಅದಾಗಿ ನಾಲ್ಕೈದು ದಿನಕ್ಕೆ ಮಷಿನ್ ಹಿಂದೆ ಬಿದ್ದಿದ್ದ ಹೊಟ್ಟಿನ ರಾಶಿ ಮೇಲೆ ಹಸಿರು ಮೊಳಕೆ ಎದ್ದಿತ್ತು, ಒಂದೆರಡು ಕಡೆ ಮಾತ್ರ ಆಗಿದ್ರೆ ಬಿಟ್ಟುಬಿಡಬಹುದಿತ್ತು, ಮಡಿ ಬಿತ್ತಿದ ಹಾಗೆ ಒತ್ತೊತ್ತಾಗಿ ಎದ್ದಿತ್ತು. ಜಳ್ಳು ಮೊಳೆಯಲ್ಲ, ಮೊಳೆತದ್ದು ಅಷ್ಟೂ ಗಟ್ಟಿ ಕಾಳು. ಅವತ್ತಿಂದ ನಾನು ಯಾರಿಗೇ ಮಷಿನ್ ತೋರಿಸಿಕೊಟ್ರೂ ಮೊದ್ಲು ಹಿಂದಕ್ಕೆ ಕರ್ಕೊಂಡು ಹೋಗ್ತೀನಿ, ಮುಂದೆ ಬರೋ ಕಾಳು ಆಮೇಲೆ ನೋಡೋಣ, ಹಿಂದೆ ಏನು ಹೋಗ್ತಿದೆ ನೋಡಿ ಅಂತೀನಿ.

ಒಳಗೆ ನಡೆಯೋದೇನು

ಮಷಿನ್‌ನಲ್ಲಿ ಎರಡು ಕೆಲ್ಸ ನಡೀತವೆ, ಒಂದು ಗಾಳಿದು, ಇನ್ನೊಂದು ಜರಡಿದು. ಗಾಳಿ ಬೇರೆ ಮಾಡೋದು ತೂಕ ನೋಡಿ, ಇನ್ನೂ ಸರಿಯಾಗಿ ಹೇಳ್ಬೇಕಂದ್ರೆ ಮೈಗೆ ತಕ್ಕ ತೂಕ ಇದೆಯಾ ಅಂತ ನೋಡಿ. ಗಟ್ಟಿ ಕಾಳಿಗೂ ಜಳ್ಳಿಗೂ ಆಕಾರ ಒಂದೇ, ಗಾಳಿ ತಳ್ಳೋ ಮೈ ಒಂದೇ, ಆದ್ರೆ ಜಳ್ಳಿನ ಒಳಗೆ ಏನೂ ಇಲ್ದೇ ಇರೋದ್ರಿಂದ ಅದು ಗಾಳಿ ಜೊತೆ ಹೊರಟುಹೋಗುತ್ತೆ. ಗೋಧಿ ಕಾಳನ್ನ ಕೆಳಗಿಂದ ಮೇಲಕ್ಕೆ ಬೀಸೋ ಗಾಳೀಲಿ ತೇಲಿಸಿ ನಿಲ್ಲಿಸ್ಬೇಕು ಅಂದ್ರೆ ಗಾಳಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿರ್ಬೇಕು, ಅದೇ ಹೊಟ್ಟಿಗೆ 2ರಿಂದ 4 ಮೀಟರ್ ಸಾಕು. ಈ ಎರಡರ ನಡುವೆ ಇರೋ ಜಾಗದಲ್ಲೇ ನಮ್ಮ ಗಾಳಿ ನಿಲ್ಬೇಕು. ಜಾಗ ಸಾಕಷ್ಟು ಅಗಲ ಇದೆ ಅನ್ಸುತ್ತೆ, ಆದ್ರೆ ಅರ್ಧ ತುಂಬಿದ ಕಾಳು, ಗಿಣ್ಣಿರೋ ಕಡ್ಡಿ ತುಂಡು, ಸಿಪ್ಪೆ ಬಿಡದೇ ಇರೋ ತೆನೆ ಚೂರು ಎಲ್ಲ ಇದೇ ನಡುವಿನ ಜಾಗದಲ್ಲಿ ಬರ್ತವೆ. ಅದಕ್ಕೇ ಬರೀ ಗಾಳಿಯಿಂದ ಪೂರ್ತಿ ಆಗಲ್ಲ, ಜರಡಿ ಬೇಕು.

ಜರಡಿ ನೋಡೋದು ಗಾತ್ರ. ಮೇಲಿನ ಜರಡಿ ತೂತು ಕಾಳಿಗಿಂತ ದೊಡ್ಡದು, ಕಾಳು ಕೆಳಗೆ ಇಳಿಯುತ್ತೆ, ಕಡ್ಡಿ ಹೆಂಟೆ ಮೇಲೇ ಜಾರಿ ಹೋಗುತ್ತೆ. ಕೆಳಗಿನದರ ತೂತು ಕಾಳಿಗಿಂತ ಚಿಕ್ಕದು, ಧೂಳು ನುಚ್ಚು ಕಳೆ ಬೀಜ ಇಳಿದುಹೋಗಿ ಒಳ್ಳೆ ಕಾಳು ಅದರ ಮೇಲೆ ಉಳಿದು ಮುಂದಕ್ಕೆ ಬರುತ್ತೆ.

ಇದೇನು ಹೊಸ ಯಂತ್ರ ಅಲ್ಲ. ಚೀನಾದಲ್ಲಿ ಸುಮಾರು ಎರಡು ಸಾವಿರ ವರ್ಷದ ಹಿಂದಿನ ಹಾನ್ ವಂಶದ ಕಾಲದ ಸಮಾಧಿಗಳಲ್ಲೇ ತಿರುಗೋ ಫ್ಯಾನ್ ಇರೋ ತೂರುವ ಯಂತ್ರದ ಮಣ್ಣಿನ ಪುಟ್ಟ ಮಾದರಿಗಳು ಸಿಕ್ಕಿವೆ, 1313ರಲ್ಲಿ ವಾಂಗ್ ಝೆನ್ ಬರೆದ ಕೃಷಿ ಗ್ರಂಥದಲ್ಲಿ ಇದರ ವಿವರ ಇದೆ. ಯುರೋಪಿನಲ್ಲಿ ಇದು ಬಳಕೆಗೆ ಬಂದಿದ್ದು 18ನೇ ಶತಮಾನದಲ್ಲಿ. 1710ರಲ್ಲಿ ಹಾಲೆಂಡಿಗೆ ಹೋಗಿ ಬಂದ ಜೇಮ್ಸ್ ಮೀಕಲ್ ಸ್ಕಾಟ್ಲೆಂಡಿನಲ್ಲಿ ಇದನ್ನ ಶುರುಮಾಡಿದ್ದು, ಅಲ್ಲಿ ಕೆಲವು ಧರ್ಮನಿಷ್ಠರು ದೇವರು ಬೀಸೋ ಗಾಳಿ ಬಿಟ್ಟು ಇವ್ರು ಸೈತಾನನ ಗಾಳಿ ಎಬ್ಬಿಸ್ತಿದ್ದಾರೆ ಅಂತ ವಿರೋಧ ಮಾಡಿದ್ರು. ಗಾಳಿ ಮನುಷ್ಯನ ಕೈಗೆ ಬಂದಿದ್ದು ಅವರಿಗೆ ಅಷ್ಟು ದೊಡ್ಡ ವಿಷ್ಯ ಆಗಿತ್ತು, ಯೋಚಿಸಿದ್ರೆ ನಿಜಕ್ಕೂ ದೊಡ್ಡದೇ.

ಮೊದ್ಲು ಕಾಳು ಒಣಗಿದ್ಯಾ ನೋಡಿ

ಹಸಿ ಇದ್ರೆ ಎಂಥಾ ಮಷಿನ್ ಇದ್ರೂ ಪ್ರಯೋಜನ ಇಲ್ಲ. ಹೊಟ್ಟು ಕಾಳಿಗೆ ಅಂಟಿಕೊಳ್ಳುತ್ತೆ, ಜಳ್ಳೂ ನೀರು ಕುಡಿದು ಭಾರ ಆಗಿ ಗಟ್ಟಿ ಕಾಳಿನ ಜೊತೆ ಕೂರುತ್ತೆ, ಜರಡಿ ತೂತು ಕಟ್ಟಿಕೊಳ್ಳುತ್ತೆ. ಧಾನ್ಯ ಕೂಡಿಡೋಕೆ ಹೇಗೂ ತೇವ ಶೇ 12ರಿಂದ 14ರ ಒಳಗೆ ಇರ್ಬೇಕು, ತೂರೋಕೂ ಅದೇ ಹದ ಒಳ್ಳೇದು. ತೇವ ಅಳೆಯೋ ಮೀಟರ್ ಇಲ್ಲ ಅಂದ್ರೆ ಒಂದು ಕಾಳು ಹಲ್ಲಲ್ಲಿ ಕಚ್ಚಿ, ಟಕ್ ಅಂತ ಒಡೆದ್ರೆ ಸರಿ, ಹಲ್ಲಿಗೆ ಮೆತ್ತಗೆ ಸಿಕ್ಕರೆ ಇನ್ನೊಂದು ದಿನ ಬಿಸಿಲಿಗೆ ಹಾಕಿ. ಇನ್ನೊಂದು ಮಾತು, ಬೆಳಿಗ್ಗೆ ಇಬ್ಬನಿ ಆರದೇ ಇರೋವಾಗ ಸೆಟ್ ಮಾಡಿದ ಗಾಳಿ ಮಧ್ಯಾಹ್ನಕ್ಕೆ ಜಾಸ್ತಿ ಆಗುತ್ತೆ, ಯಾಕಂದ್ರೆ ಮಾಲು ಅಷ್ಟೊತ್ತಿಗೆ ಒಣಗಿ ಹಗುರ ಆಗಿರುತ್ತೆ. ಹಾಗಾಗಿ ದಿನಕ್ಕೆ ಒಂದೇ ಸಲ ಸೆಟ್ ಮಾಡಿ ಮರೆತುಬಿಡೋ ಹಾಗಿಲ್ಲ.

ಉದ್ದ ಕಡ್ಡಿ, ದಾರ, ದೊಡ್ಡ ಹೆಂಟೆ ಇದ್ರೆ ಕೈಯಲ್ಲೇ ಆರಿಸಿ ತೆಗೆದುಬಿಡಿ, ಹಾಪರ್ ಅಂದ್ರೆ ಮೇಲೆ ಕಾಳು ಸುರಿಯೋ ಡಬ್ಬ, ಅದರ ಬಾಯಲ್ಲಿ ಸಿಕ್ಕೊಳ್ಳೋದು ಅವೇ.

ಮಷಿನ್ ನಿಲ್ಲಿಸೋದು

ಬಯಲಲ್ಲಿ ಇಡೋದಾದ್ರೆ ಹೊರಗಿನ ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡಿ, ಹೊಟ್ಟು ಬರೋ ಬಾಯಿ ಗಾಳಿ ಹೋಗೋ ದಿಕ್ಕಿಗೆ ಇರ್ಬೇಕು, ಉಲ್ಟಾ ಇಟ್ರೆ ಹೊಟ್ಟೆಲ್ಲ ವಾಪಸ್ ಬಂದು ಕಾಳಿನ ಮೇಲೆ, ನಿಮ್ಮ ಮುಖದ ಮೇಲೆ. ಆಮೇಲೆ ನೆಲ ಸಮ ಇರ್ಬೇಕು. ಇದನ್ನ ಸುಮಾರು ಜನ ಲೆಕ್ಕಕ್ಕೇ ತಗೊಳ್ಳಲ್ಲ. ಜರಡಿ ಎಡಕ್ಕೋ ಬಲಕ್ಕೋ ಒಂದು ಬೆರಳಷ್ಟು ವಾಲಿದ್ರೂ ಕಾಳೆಲ್ಲ ಒಂದೇ ಬದೀಲಿ ದಪ್ಪಗೆ ಹರಿಯುತ್ತೆ, ಇನ್ನೊಂದು ಅರ್ಧ ಜರಡಿ ಸುಮ್ನೆ ಬರಿದಾಗಿ ಅಲುಗಾಡ್ತಿರುತ್ತೆ. ಅರ್ಧ ನೀರು ತುಂಬಿದ ಬಾಟಲಿಯನ್ನ ಜರಡಿ ಚೌಕಟ್ಟಿನ ಮೇಲೆ ಅಡ್ಡ ಮಲಗಿಸಿ ನೋಡಿ, ನೀರು ಹೇಳುತ್ತೆ. ತಗ್ಗಿರೋ ಕಾಲಿನ ಕೆಳಗೆ ಹಲಗೆ ಕೊಟ್ಟು ಮೇಲೆತ್ತಿ, ಕಾಲುಗಳು ಕುಣಿಯದ ಹಾಗೆ ಗಟ್ಟಿ ಕೂರಿಸಿ.

ಮೋಟಾರಿದ್ರೆ ಖಾಲಿ ಓಡಿಸಿ ಫ್ಯಾನ್ ಯಾವ ಕಡೆ ತಿರುಗ್ತಿದೆ ನೋಡಿ, ಬಾಣದ ಗುರುತು ಇರುತ್ತೆ. ತ್ರೀ ಫೇಸ್ ಕನೆಕ್ಷನ್ ಅದಲುಬದಲು ಆದ್ರೆ ಉಲ್ಟಾ ತಿರುಗುತ್ತೆ, ಡ್ರಮ್ಮಿನ ಥರ ಇರೋ ಬ್ಲೋವರ್ ಉಲ್ಟಾ ತಿರುಗಿದ್ರೂ ಅದೇ ಬಾಯಿಂದಲೇ ಗಾಳಿ ಬರುತ್ತೆ, ಆದ್ರೆ ತೀರಾ ಕಡಿಮೆ ಬರುತ್ತೆ, ಅದಕ್ಕೇ ಬೇಗ ಗೊತ್ತೇ ಆಗಲ್ಲ, ಮಷಿನ್ ಸರಿ ಇಲ್ಲ ಅಂತ ಸುಮ್ನೆ ಬೈಕೊಂಡು ಕೂತಿರ್ತೀವಿ.

ಜರಡಿ ಆರಿಸೋದು

ಮಷಿನ್‌ಗೆ ಹಾಕೋಕೆ ಮುಂಚೆ ಜರಡಿನ ಕೈಯಲ್ಲಿ ಹಿಡಿದು ಒಂದು ಬೊಗಸೆ ಕಾಳು ಹಾಕಿ ಅಲ್ಲಾಡಿಸಿ ನೋಡಿ. ಮೇಲಿನದಕ್ಕೆ ಕಾಳು ಸಲೀಸಾಗಿ ಇಳಿಯೋ ತೂತು ಬೇಕು, ಆದ್ರೆ ತೀರಾ ದೊಡ್ಡದಾದ್ರೆ ಕಡ್ಡಿಯೂ ಅದರ ಜೊತೆ ಇಳಿಯುತ್ತೆ. ಮಷಿನ್ ಓಡೋವಾಗ ಜರಡಿಯ ಉದ್ದದಲ್ಲಿ ಮುಕ್ಕಾಲು ಭಾಗ ದಾಟೋಷ್ಟ್ರಲ್ಲಿ ಕಾಳೆಲ್ಲ ಇಳಿದಿದ್ರೆ ಸರಿಯಾದ ಜರಡಿ ಅಂತ ಲೆಕ್ಕ.

ಇನ್ನು ತೂತಿನ ಆಕಾರ. ದುಂಡು ತೂತು ನೋಡೋದು ಕಾಳಿನ ಅಗಲ, ಉದ್ದ ಸೀಳಿನ ತೂತು ನೋಡೋದು ಕಾಳಿನ ದಪ್ಪ. ಇದು ಕೇಳೋಕೆ ಸಣ್ಣ ವಿಷ್ಯ, ಕಾಳು ಕೈಯಲ್ಲಿ ಹಿಡಿದ್ರೆ ಅರ್ಥ ಆಗುತ್ತೆ. ಒಂದು ಸೋಯಾ ಕಾಳು ತಗೊಳ್ಳಿ, ಅದರ ಪಕ್ಕ ಒಡೆದ ಅರ್ಧ ಬೇಳೆ ಇಡಿ. ಮೇಲಿಂದ ನೋಡಿದ್ರೆ ಎರಡೂ ಅಷ್ಟೇ ಅಗಲ, ದುಂಡು ತೂತಿನ ಮೇಲೆ ಎರಡೂ ಒಂದೇ ಥರ ಕೂತ್ಕೊಳ್ತವೆ, ಎಷ್ಟು ಹೊತ್ತು ಜರಡಿ ಹಿಡಿದ್ರೂ ಬೇರೆ ಆಗಲ್ಲ. ಪಕ್ಕದಿಂದ ನೋಡಿ, ಬೇಳೆ ಅರ್ಧ ದಪ್ಪ ಅಷ್ಟೇ. ಸೀಳು ತೂತಿನ ಜರಡಿ ಹಾಕಿದ್ರೆ ಬೇಳೆ ಪಕ್ಕಕ್ಕೆ ಮಗುಚಿ ಸರ್ ಅಂತ ಇಳಿದುಹೋಗುತ್ತೆ, ಇಡೀ ಕಾಳು ಮೇಲೇ ಉಳಿಯುತ್ತೆ. ಒಡಕು ತೆಗೀಬೇಕು ಅಂದ್ರೆ ಕೆಳಗೆ ಸೀಳು ಜರಡಿ, ಇದೊಂದು ನೆನಪಿಟ್ಕೊಳ್ಳಿ.

ತೂತಿಗೆ ಕಾಳು ಸಿಕ್ಕೊಂಡು ಮುಚ್ಚಿಹೋಗೋದು ಎಲ್ಲ ಮಷಿನ್‌ಲೂ ಇದ್ದದ್ದೇ. ಕೆಲವದ್ರಲ್ಲಿ ಜರಡಿ ಕೆಳಗೆ ರಬ್ಬರ್ ಚೆಂಡುಗಳು ಕುಣಿದು ಅದನ್ನ ಬಿಡಿಸ್ತಾ ಇರ್ತವೆ, ಇಲ್ಲದಿದ್ರೆ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಬ್ರಷ್ ಆಡಿಸಿ. ಮೊಳೆ, ಚಾಕು ಹಾಕಿ ಕುತ್ತಬೇಡಿ, ತೂತು ಅಗಲ ಆಗುತ್ತೆ.

ಗಾಳಿ ಹಿಡಿಯೋದು

ಗಾಳಿನ ಎರಡು ರೀತೀಲಿ ಬದಲಾಯಿಸಬಹುದು. ಫ್ಯಾನ್ ಗಾಳಿ ಎಳ್ಕೊಳ್ಳೋ ಬಾಯಿಗೆ ಒಂದು ಜಾರೋ ತಗಡು ಇರುತ್ತೆ, ಅದನ್ನ ಮುಚ್ಚಿದ್ರೆ ಗಾಳಿ ಕಡಿಮೆ, ತೆಗೆದ್ರೆ ಜಾಸ್ತಿ. ಇಲ್ಲಾಂದ್ರೆ ಪುಲ್ಲಿ ಬದಲಾಯಿಸಿ ಫ್ಯಾನಿನ ಸ್ಪೀಡೇ ಬದಲಾಯಿಸಬೇಕು. ಲೆಕ್ಕ ಸುಲಭ, ಮೋಟಾರಿನ ಪ್ಲೇಟ್ ಮೇಲೆ 1440 ಅಂತಿದ್ದು (ಅಂದ್ರೆ ನಿಮಿಷಕ್ಕೆ 1440 ಸುತ್ತು) ಅದರ ಪುಲ್ಲಿ 3 ಇಂಚು, ಫ್ಯಾನಿನ ಪುಲ್ಲಿ 6 ಇಂಚು ಇದ್ರೆ ಫ್ಯಾನ್ ನಿಮಿಷಕ್ಕೆ 720 ಸುತ್ತು. ಆದ್ರೆ ಪುಲ್ಲಿ ಮುಟ್ಟೋಕೆ ಮುಂಚೆ ಇದನ್ನ ತಿಳ್ಕೊಳ್ಳಿ, ಸ್ಪೀಡ್ ಎರಡು ಪಟ್ಟು ಮಾಡಿದ್ರೆ ಗಾಳಿ ಎರಡು ಪಟ್ಟಾಗುತ್ತೆ, ಮೋಟಾರಿನ ಮೇಲಿನ ಹೊರೆ ಎಂಟು ಪಟ್ಟಾಗುತ್ತೆ. ಸ್ವಲ್ಪ ಗಾಳಿ ಜಾಸ್ತಿ ಬರ್ಲಿ ಅಂತ ಪುಲ್ಲಿ ಹಾಕಿ ಮೋಟಾರ್ ಸುಟ್ಕೊಳ್ಳೋದು ಹೀಗೆ.

ಹ್ಯಾಂಡಲ್ ಮಷಿನ್ ಆದ್ರೆ ಗಾಳಿ ಇರೋದು ತಿರುಗಿಸೋ ಕೈಯಲ್ಲಿ. ಆಳು ಬದಲಾದ್ರೆ ಗಾಳಿ ಬದಲಾಗುತ್ತೆ, ಸಂಜೆ ಕೈ ಸೋತ ಹಾಗೆ ಕಾಳಿನಲ್ಲಿ ಹೊಟ್ಟು ಕಾಣಿಸ್ಕೊಳ್ಳುತ್ತೆ. ಇಬ್ಬರು ಸರದಿ ಮೇಲೆ ತಿರುಗಿಸಿ, ಬಾಯಲ್ಲಿ ಎಣಿಸ್ತಾ ಒಂದೇ ಲಯ ಹಿಡೀರಿ.

ಈಗ ಸೆಟ್ಟಿಂಗ್. ಗಾಳಿನ ಅರ್ಧಕ್ಕಿಂತ ಕಡಿಮೆ ಇಟ್ಟು ಶುರುಮಾಡಿ, ಫ್ಯಾನ್ ಪೂರ್ತಿ ಸ್ಪೀಡಿಗೆ ಬಂದ ಮೇಲೆ ಹಾಪರ್ ಬಾಗಿಲನ್ನ ಸ್ವಲ್ಪ ತೆಗೀರಿ. ಕಾಳು ತೆಳ್ಳಗೆ ಪರದೆ ಥರ ಇಳೀಬೇಕು, ಆಚೆ ಬದಿ ಕಾಣೋಷ್ಟು ತೆಳ್ಳಗೆ. ದಪ್ಪಗೆ ಬಿದ್ರೆ ಗಾಳಿ ಒಳಗೆ ನುಗ್ಗೋದೇ ಇಲ್ಲ, ಹೊಟ್ಟು ಕಾಳಿನ ಮಧ್ಯೆ ಬಚ್ಚಿಟ್ಕೊಂಡು ಕೆಳಗೆ ಬರುತ್ತೆ, ಅದನ್ನ ನೋಡಿ ಗಾಳಿ ಸಾಲ್ತಿಲ್ಲ ಅಂತ ಜಾಸ್ತಿ ಮಾಡ್ತೀವಿ, ಆಗ ಮೇಲಿನ ಗಟ್ಟಿ ಕಾಳು ಹಾರಿ ಹೋಗುತ್ತೆ. ಎಷ್ಟೋ ಸಲ ತಪ್ಪು ಗಾಳಿದಾಗಿರಲ್ಲ, ಹಾಪರ್‌ದಾಗಿರುತ್ತೆ. ಮೊದ್ಲು ಬಾಗಿಲು ಸಣ್ಣ ಮಾಡಿ, ಆಮೇಲೆ ಗಾಳಿ ಮುಟ್ಟಿ.

ಇಲ್ಲಿಂದ ಗಾಳಿನ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗಿ, ಪ್ರತಿ ಸಲ ಏರಿಸಿದಾಗ್ಲೂ ಹಿಂದಕ್ಕೆ ಹೋಗಿ ಹೊಟ್ಟು ಬೀಳೋ ಕಡೆ ಒಂದು ಹಿಡಿ ತಗೊಳ್ಳಿ. ಅಂಗೈ ಮೇಲೆ ಹರಡಿ ಬಾಯಿಂದ ಮೆಲ್ಲಗೆ ಊದಿ. ಹೊಟ್ಟು ಹಾರಿ ಹೋಗುತ್ತೆ, ಉಳಿದ ಕಾಳುಗಳನ್ನ ಒಂದೊಂದಾಗಿ ಉಗುರಲ್ಲಿ ಅದುಮಿ ನೋಡಿ. ಚಪ್ಪಟೆ ಆದ್ರೆ ಜಳ್ಳು, ಹೋಗ್ಲಿ ಬಿಡಿ. ಉಗುರಿಗೆ ಜಗ್ಗದೇ ಗಟ್ಟಿಯಾಗಿ ಕೂತ್ರೆ ಅದು ನಿಮ್ಮ ಬೆಳೆ. ಹಿಡಿಗೆ ಒಂದೋ ಎರಡೋ ಗಟ್ಟಿ ಕಾಳು ಕಾಣೋಕೆ ಶುರುವಾದ ತಕ್ಷಣ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ, ಅಲ್ಲೇ ನಿಲ್ಲಿಸಿ.

ನಷ್ಟ ಎಷ್ಟು ಅಂತ ಅಳೀಬೇಕು ಅನ್ನಿಸಿದ್ರೆ ಹಿಂದೆ ತಾಡಪಾಲು ಹಾಸಿ ಒಂದು ನಿಮಿಷ ಬೀಳೋ ಹೊಟ್ಟನ್ನೆಲ್ಲ ಹಿಡೀರಿ, ಅದೇ ನಿಮಿಷದಲ್ಲಿ ಮುಂದೆ ಬಂದ ಕಾಳನ್ನೂ ತೂಗಿ. ಮುಂದೆ 10 ಕೆಜಿ ಬಂದು ಹಿಂದಿನ ಹೊಟ್ಟಲ್ಲಿ 100 ಗ್ರಾಂ ಗಟ್ಟಿ ಕಾಳು ಸಿಕ್ಕರೆ ನಷ್ಟ ಶೇ 1ರ ಹತ್ರ, ಅಂದ್ರೆ ಟನ್ನಿಗೆ 10 ಕೆಜಿ. ಸಣ್ಣ ತಕ್ಕಡಿ ಇಲ್ಲದಿದ್ರೆ ಎಣಿಸಿ, ಗೋಧಿ ಸಾವಿರ ಕಾಳು ಸುಮಾರು 40 ಗ್ರಾಂ ತೂಗುತ್ತೆ. ಹತ್ತು ನಿಮಿಷದ ಕೆಲಸ, ದಯವಿಟ್ಟು ಒಂದ್ಸಲ ಮಾಡಿ ನೋಡಿ, ಕಣ್ಣಂದಾಜಿಗೂ ಲೆಕ್ಕಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಆಗ ತಿಳಿಯುತ್ತೆ.

ಮುಂದೆ ಬರೋ ಕಾಳಿನಲ್ಲಿ ಚೂರುಪಾರು ಹೊಟ್ಟು ಉಳಿದ್ರೆ ಉಳೀಲಿ. ಒಂದೇ ಸಲಕ್ಕೆ ಜೋರು ಗಾಳೀಲಿ ಮುಗಿಸೋದಕ್ಕಿಂತ ಎರಡು ಸಲ ಹದವಾದ ಗಾಳೀಲಿ ಹಾಯಿಸೋದು ಯಾವತ್ತಿಗೂ ಮೇಲು. ಬಿತ್ತನೆ ಬೀಜಕ್ಕೆ ಮಾತ್ರ ಎರಡನೇ ಸಲ ಗಾಳಿ ಸ್ವಲ್ಪ ಜೋರು ಮಾಡಿ, ಅಲ್ಲಿ ಅರ್ಧ ತುಂಬಿದ ಕಾಳು ಹೋದಷ್ಟೂ ಒಳ್ಳೇದು, ಹಾಗೇ ತಳಿ ಬದಲಾಯಿಸೋವಾಗ ಮಷಿನ್‌ನ ಮೂಲೆ ಮೂಲೆ ಗುಡಿಸಿ, ಜರಡಿ ಸಂದೀಲಿ ನೂರು ಕಾಳು ಉಳಿದಿದ್ರೂ ಬೀಜ ಬೆರಕೆ ಆಗುತ್ತೆ.

ಕಾಳಿನಷ್ಟೇ ಗಾತ್ರದ ಹರಳು ಕಲ್ಲು ಬಂದ್ರೆ ಈ ಮಷಿನ್‌ನ ದೂರಬೇಡಿ. ಜರಡಿಗೆ ಅದು ಕಾಳಿನ ಗಾತ್ರದ್ದು, ಗಾಳಿಗೆ ಅದು ಕಾಳಿಗಿಂತ ಭಾರದ್ದು, ಎರಡಕ್ಕೂ ಸಿಗಲ್ಲ. ಅದಕ್ಕೆ ಕಲ್ಲು ತೆಗೆಯೋ ಮಷಿನ್ನೇ ಬೇರೆ ಇದೆ.

ಹುಷಾರಾಗಿರಬೇಕಾದ್ದು

ಬೆಲ್ಟಿನ ಮೇಲಿನ ಜಾಲರಿ ತೆಗೆದು ಓಡಿಸಬೇಡಿ. ಜೋತಾಡೋ ಬಟ್ಟೆ, ಹೆಗಲ ಮೇಲಿನ ಟವೆಲ್, ಬಿಚ್ಚಿದ ಕೂದಲು ಯಾವುದೂ ಪುಲ್ಲಿ ಹತ್ರ ಬೇಡ, ಮಕ್ಕಳಂತೂ ಬೇಡವೇ ಬೇಡ. ಏನೇ ಸಿಕ್ಕೊಂಡ್ರೂ ಪೂರ್ತಿ ನಿಲ್ಲಿಸಿ, ಮೋಟಾರಿನ ಕನೆಕ್ಷನ್ ತೆಗೆದೇ ಕೈ ಹಾಕಿ. ಧೂಳನ್ನ ಹಗುರವಾಗಿ ತಗೋಬೇಡಿ, ಧಾನ್ಯದ ಧೂಳು ವರ್ಷಾನುಗಟ್ಟಲೆ ಕುಡಿದ್ರೆ ಉಬ್ಬಸ ಹತ್ತುತ್ತೆ, ಮಾಸ್ಕ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿ. ಒಣ ಹೊಟ್ಟಿನ ಹತ್ರ ಬೆಂಕಿ ಸುಳಿಯೋ ಹಾಗಿಲ್ಲ.

ನಿಲ್ಲಿಸೋವಾಗ ಮೊದ್ಲು ಹಾಪರ್ ಬಾಗಿಲು ಮುಚ್ಚಿ, ಒಳಗಿರೋದು ಖಾಲಿ ಆಗೋವರೆಗೂ ಓಡ್ಲಿ, ಆಮೇಲೆ ಆಫ್ ಮಾಡಿ. ಸೀಸನ್ ಮುಗಿದ ಮೇಲೆ ಬೆಲ್ಟ್ ಸಡಿಲ ಬಿಡಿ, ಬೇರಿಂಗಿಗೆ ಗ್ರೀಸ್ ಕೊಡಿ, ಫ್ಯಾನಿನ ಬಾಯಿಗೆ ಜಾಲರಿ ಕಟ್ಟಿ ಇಲ್ಲಾಂದ್ರೆ ಇಲಿ ಗೂಡು ಮಾಡುತ್ತೆ, ಜರಡಿಗಳನ್ನ ಒರಗಿಸಿಡಬೇಡಿ ಬಾಗ್ತವೆ, ಗೋಡೆಗೆ ನೇತುಹಾಕಿ.

ಮತ್ತೆ ಹೊಟ್ಟು ಹೇರೋಕೆ ಮುಂಚೆ ಒಂದು ಕೆಲಸ ಮಾಡಿ. ರಾಶಿಯಲ್ಲಿ ಮಷಿನ್‌ಗೆ ಹತ್ರ ಇರೋ ಒಂದು ಮೊಳ ಜಾಗದ ಹೊಟ್ಟನ್ನ ಬೇರೆ ತೆಗೆದಿಡಿ. ಭಾರ ಇರೋದು ದೂರ ಹಾರಲ್ಲ, ತಪ್ಪಿಸ್ಕೊಂಡು ಬಂದ ಕಾಳೆಲ್ಲ ಸುಮಾರು ಅಲ್ಲೇ ಬಿದ್ದಿರುತ್ತೆ. ಅದಷ್ಟನ್ನೇ ಕಡಿಮೆ ಗಾಳೀಲಿ ಇನ್ನೊಂದ್ಸಲ ಹಾಯಿಸಿ, ಆಮೇಲೆ ಹೊಟ್ಟು ಹೇರಿ.