ತೋಟದ ಎಮ್ಮೆ ಬುರುಡೆ, ಕಾಡಂಚಿನ ಕಡವೆ ಕೊಂಬು

ನಮ್ಮ ಮನೆ ಮೂಡಿಗೆರೆ ಕಡೆ, ಕಾಫಿ ತೋಟದ ನಡುವೆ. ಕೊಟ್ಟಿಗೆ ಪಕ್ಕದ ಸೌದೆ ಕೋಣೆಯಲ್ಲಿ ಒಂದು ಗೋಡೆ ಪೂರ್ತಿ ನನ್ನದು. ಹೇಮಾವತಿ ದಂಡೆಯ ಕಲ್ಲು, ಬೈನೆ ಬೀಜ, ಗುಲಗಂಜಿ, ಒಂದಷ್ಟು ಮೂಳೆ ಅಲ್ಲಿವೆ. ಮೂಳೆ ಮಾತ್ರ ಮನೆಯೊಳಗೆ ಬರಬಾರದು ಅಂತ ಅಮ್ಮ ಮೊದಲೇ ಹೇಳಿದ್ದರು. ಅದಕ್ಕೇ ಸೌದೆ ಕೋಣೆ.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ನಮ್ಮದೇ ಎಮ್ಮೆ ಗೌರಿಯ ತಲೆಬುರುಡೆ. ವಯಸ್ಸಾಗಿ ಸತ್ತಾಗ ತೋಟದ ಕೆಳಗೆ ಹೂತಿದ್ದೆವು. ನಾಲ್ಕು ವರ್ಷ ಬಿಟ್ಟು ಅಲ್ಲೇ ಗಿಡ ಹಾಕಲು ಗುಂಡಿ ತೋಡಿದಾಗ ಬುರುಡೆ ಸಿಕ್ಕಿತು. ಎಡಗೊಂಬು ಸ್ವಲ್ಪ ಒಳಕ್ಕೆ ತಿರುಗಿತ್ತು. ಅಮ್ಮ ನೋಡಿದ ತಕ್ಷಣ ಗುರುತು ಹಿಡಿದರು.

ಅದನ್ನು ಶುಚಿ ಮಾಡುವಾಗ ನಾನು ಆತುರಪಡಲಿಲ್ಲ. ಯಾಕೆಂದರೆ ಅದಕ್ಕೂ ಮೊದಲು ಒಂದು ಕುರಿ ದವಡೆಯನ್ನು ಕುದಿಸಿ ಹಾಳು ಮಾಡಿದ್ದೆ. ಕುದಿಸಿದರೆ ಕೊಬ್ಬು ಮೂಳೆಯೊಳಗೇ ಇಳಿಯುತ್ತದೆ. ಆಮೇಲೆ ಹಳದಿ ಕಲೆಯಾಗಿ ಹೊರಬರುತ್ತದೆ. ನಮ್ಮ ಮಳೆಗಾಲದಲ್ಲಿ ಆ ಜಿಡ್ಡಿನ ಮೇಲೆ ಬೂಸ್ಟು ಬಂತು. ಅದನ್ನು ತೆಗೆಯಲು ಬ್ಲೀಚಿಂಗ್ ಪೌಡರ್ ಹಾಕಿದೆ. ಮೂಳೆ ಸೀಮೆಸುಣ್ಣದಂತೆ ಪುಡಿ ಉದುರತೊಡಗಿತು. ಎರಡೂ ಬೇಡ.

ಗೌರಿಯ ಬುರುಡೆಯನ್ನು ಹಳೆ ಡ್ರಮ್ಮಿನ ತಣ್ಣೀರಲ್ಲಿ ಮುಳುಗಿಸಿ, ನಾಯಿ ಎಳೆಯದಂತೆ ಮೇಲೆ ಹಲಗೆ, ಕಲ್ಲು ಇಟ್ಟೆ. ಉಳಿದದ್ದನ್ನು ಸೂಕ್ಷ್ಮಜೀವಿಗಳೇ ತಿಂದು ಮುಗಿಸುತ್ತವೆ. ವಾಸನೆ ಜೋರು, ಹಾಗಾಗಿ ಡ್ರಮ್ ಮನೆಯಿಂದ ದೂರ ಇರಲಿ. ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿದೆ. ಮೂರನೇ ವಾರ ಕೊಂಬು ಸಡಿಲವಾಗಿ ಚಿಪ್ಪಿನಂತೆ ಕಳಚಿ ಬಂತು. ಎಮ್ಮೆ ಕೊಂಬು ಅಂದರೆ ನಮ್ಮ ಉಗುರಿನ ಜಾತಿಯ ವಸ್ತು, ಒಳಗೆ ಮೂಳೆಯ ಗೂಟ ಬೇರೆ ಇರುತ್ತದೆ ಅಂತ ಆವತ್ತೇ ಕಣ್ಣಾರೆ ಕಂಡದ್ದು. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ. ವರ್ಷಗಟ್ಟಲೆ ಹುಲ್ಲು ಹಾಕಿದವನು ನಾನು, ಅದನ್ನು ಗಮನಿಸಿರಲಿಲ್ಲ. ಮೂಗಿನೊಳಗೆ ಕಾಗದದಂತೆ ತೆಳುವಾದ ಸುರುಳಿ ಮೂಳೆಗಳಿವೆ. ಒರಟಾಗಿ ಉಜ್ಜಿದರೆ ಮೊದಲು ಹೋಗುವುದು ಅವೇ.

ಆಮೇಲೆ ಪಾತ್ರೆ ತೊಳೆಯುವ ಸೋಪಿನ ಬಿಸಿನೀರು. ನೀರಿನ ಮೇಲೆ ಎಣ್ಣೆ ತೇಲುವುದು ನಿಲ್ಲುವವರೆಗೆ ಬದಲಿಸುತ್ತಲೇ ಇದ್ದೆ, ಒಂದೂವರೆ ತಿಂಗಳು ಹಿಡಿಯಿತು. ಕೊನೆಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡನ್ನು ಶೇ 3ಕ್ಕೆ ಇಳಿಸಿ ಎರಡು ದಿನ ನೆನೆಸಿದೆ. ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ಹುಟ್ಟುತ್ತದೆ. ಕೈಗೆ ಗ್ಲೌಸ್ ಬೇಕೇ ಬೇಕು.

ಎಲ್ಲ ಮೂಳೆಯನ್ನೂ ಮುಟ್ಟಬಾರದು. ಇದ್ದಕ್ಕಿದ್ದಂತೆ ಸತ್ತು ಮೂಗು, ಬಾಯಲ್ಲಿ ರಕ್ತ ಸುರಿದ ದನ ಅಂದರೆ ನೆರಡಿ ರೋಗ (ಆಂಥ್ರಾಕ್ಸ್) ಇರಬಹುದು. ಅದರ ಬೀಜಾಣು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತದೆ. ಸತ್ತ ಮಂಗನ ಹತ್ತಿರವೂ ಹೋಗಬೇಡಿ. ಮಂಗನ ಕಾಯಿಲೆ 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗೊತ್ತಾಯಿತು, ಅದು ಹರಡುವುದು ಉಣುಗಿನಿಂದ. ಮಂಗ ಸತ್ತ ಜಾಗದಲ್ಲಿ ಉಣುಗು ಉದುರಿರುತ್ತದೆ. ನಮ್ಮ ಜಿಲ್ಲೆಯಲ್ಲೂ ಆ ಕಾಯಿಲೆ ಇದೆ, ತಮಾಷೆ ಅಲ್ಲ.

ಕಲ್ಲು, ಬೀಜಕ್ಕೆ ಇಷ್ಟು ಕಷ್ಟ ಇಲ್ಲ. ಹಳೇಬೀಡಿಗೆ ಹೋದಾಗ ವಿಗ್ರಹ ಕೆತ್ತುವವರೊಬ್ಬರನ್ನು ಕೇಳಿ ಬಳಪದ ಕಲ್ಲಿನ ಒಂದು ಚೂರು ತಂದೆ. ಬ್ಲೇಡಿನಲ್ಲಿ ಗೀರಿದರೆ ಗೆರೆ ಬೀಳುತ್ತದೆ. ಹೊಯ್ಸಳರ ಕಾಲದವರು ಅಷ್ಟು ಸೂಕ್ಷ್ಮ ಕೆತ್ತನೆ ಹೇಗೆ ಮಾಡಿದರು ಅಂತ ಆ ಚೂರು ಕೈಯಲ್ಲಿದ್ದರೆ ಅರ್ಥ ಆಗುತ್ತದೆ. ದೇವಸ್ಥಾನದ ಆವರಣದಿಂದ ಮಾತ್ರ ಒಂದು ಚಕ್ಕೆಯನ್ನೂ ಎತ್ತಬೇಡಿ. ಗುಲಗಂಜಿಯನ್ನು ಮುಚ್ಚಳದ ಬಾಟಲಿಯಲ್ಲಿ, ಮಕ್ಕಳಿಗೆ ಸಿಗದ ಕಡೆ ಇಟ್ಟಿದ್ದೇನೆ. ಬೀಜ ಜಗಿದರೆ ಪ್ರಾಣಕ್ಕೇ ಅಪಾಯ.

ಪ್ರತಿ ವಸ್ತುವಿಗೂ ಒಂದು ನಂಬರು ಬರೆದು, ಎಲ್ಲಿ, ಯಾವತ್ತು ಸಿಕ್ಕಿತು ಅಂತ ಪುಸ್ತಕದಲ್ಲಿ ಬರೆಯುತ್ತೇನೆ. ಮೊದಲ ಎರಡು ವರ್ಷ ಬರೆಯಲಿಲ್ಲ. ಆಗಿನ ಒಂದು ಬುಟ್ಟಿ ಕಲ್ಲು ಈಗ ಸುಮ್ನೆ ಕಲ್ಲು, ನನಗೂ ಏನೂ ಹೇಳುವುದಿಲ್ಲ.

ಇನ್ನು ಕಾಡಿನದು. 2023ರ ಅಕ್ಟೋಬರಿನಲ್ಲಿ ಹುಲಿ ಉಗುರು ಕೊರಳಿಗೆ ಹಾಕಿಕೊಂಡವರನ್ನು ಹಿಡಿದ ಸುದ್ದಿ ಎದ್ದಾಗ ನಮ್ಮ ಕಡೆ ಎಷ್ಟೋ ಹಳೆ ಮನೆಯವರು ಜಗಲಿಯ ಕೊಂಬಿನ ಕಡೆ ತಿರುಗಿ ನೋಡಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಪ್ರಾಣಿಯ ಕೊಂಬು, ಮೂಳೆ, ಹಲ್ಲು, ಉಗುರನ್ನು ಹಾಗೆ ಇಟ್ಟುಕೊಳ್ಳುವಂತಿಲ್ಲ. ತಾನಾಗಿ ಉದುರಿದ ಕೊಂಬು ಅಂದರೂ ಅಷ್ಟೇ.

ಆದರೆ ನಾನು ಕಾನೂನಿನ ಭಯಕ್ಕಷ್ಟೇ ಬಿಟ್ಟವನಲ್ಲ. ಒಂದು ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರ ಕಾಡಂಚಿನ ದಾರಿಯಲ್ಲಿ ಕಡವೆ ಕೊಂಬು ಸಿಕ್ಕಿತು. ಮೂರು ಕವಲು, ನನ್ನ ಮೊಳಕ್ಕಿಂತ ಉದ್ದ. ಎತ್ತಿಕೊಳ್ಳುವ ಆಸೆ ಎಷ್ಟಿತ್ತು ಅಂತ ಹೇಳಲಾರೆ. ಪಕ್ಕದಲ್ಲಿ ಕತ್ತಿ ಇಟ್ಟು ಅಳತೆಗೆ ಫೋಟೋ ತೆಗೆದೆ, ಅಲ್ಲೇ ಬಿಟ್ಟು ಬಂದೆ. ಮರುವರ್ಷ ನೋಡಿದರೆ ಒಂದು ಕವಲು ಇಲ್ಲ. ಉಳಿದದ್ದರ ಮೇಲೆ ಉಳಿಯಿಂದ ಕೆರೆದಂತೆ ಸಾಲು ಸಾಲು ಗೀರು. ಮುಳ್ಳುಹಂದಿ! ಸುಣ್ಣದ ಅಂಶಕ್ಕಾಗಿ ಅದು ಮೂಳೆ, ಕೊಂಬು ಕಡಿಯುತ್ತದೆ. ಸೌದೆ ಕೋಣೆಯಲ್ಲಿದ್ದರೆ ಇದು ನನಗೆ ಗೊತ್ತಾಗುತ್ತಲೇ ಇರಲಿಲ್ಲ, ಅಲ್ವಾ?

ಅಲ್ಲಿಂದ ಪ್ರತಿ ವರ್ಷ ಹೋಗುತ್ತೇನೆ, ಅದೇ ಕತ್ತಿ ಪಕ್ಕಕ್ಕಿಟ್ಟು ಫೋಟೋ ತೆಗೆಯುತ್ತೇನೆ. ಈ ಸಲ ಬುಡದ ಗುಬಟು ಮಾತ್ರ ಉಳಿದಿತ್ತು. ಅದರ ಮೇಲೂ ಬೆಳ್ಳಗೆ ಹೊಸ ಹಲ್ಲಿನ ಗುರುತು. ಪುಸ್ತಕದಲ್ಲಿ ತಾರೀಕು ಬರೆದುಕೊಂಡೆ.